ಗುತ್ತಿಗೆ ಕಾರ್ಮಿಕರ ಪ್ರಯಾಣ ವೆಚ್ಚ: ಕೊಡಬೇಕಾದವರು ಯಾರು, ಲೆಕ್ಕಕ್ಕೆ ಬರುವುದು ಹೇಗೆ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್ ದಾರಿ. ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಬೆಳಗಿನ ಪಾಳಿಯ ಹೊತ್ತಿಗೆ ಈ ಹೆದ್ದಾರಿಯ ಬದಿಯಲ್ಲಿ ನಿಂತವರಿಗೆ ಎರಡೂ ಕಡೆಯಿಂದ ಬರುವ ಬಸ್ಸುಗಳು, ದ್ವಿಚಕ್ರ ವಾಹನಗಳು, ಕಾರ್ಖಾನೆಗಳ ವ್ಯಾನುಗಳು ಕಾಣುತ್ತವೆ. ಅವುಗಳಲ್ಲಿ ಬರುವವರಲ್ಲಿ ಅನೇಕರು ತಾವು ಕೆಲಸ ಮಾಡುವ ಕಾರ್ಖಾನೆಯ ನೌಕರರಲ್ಲ. ಅವರ ಹಾಜರಿ ಪುಸ್ತಕ, ವೇತನ ಪಟ್ಟಿ, ಭವಿಷ್ಯ ನಿಧಿಯ ಸಂಖ್ಯೆ ಎಲ್ಲವೂ ಇರುವುದು ಕಾರ್ಮಿಕ ಗುತ್ತಿಗೆದಾರನ ಅಥವಾ ಮಾನವಶಕ್ತಿ ಪೂರೈಕೆ ಸಂಸ್ಥೆಯ ಕಚೇರಿಯಲ್ಲಿ. ಹೀಗಿರುವಾಗ ಅವರ ಪ್ರಯಾಣದ ಖರ್ಚನ್ನು ಕೇಳುವುದು ಯಾರಲ್ಲಿ, ಕೊಡುವವರು ಯಾರು, ಕೊಟ್ಟರೆ ಅದು ವೇತನವೋ ವೆಚ್ಚವೋ ಎಂಬ ಪ್ರಶ್ನೆ ಪ್ರತಿ ತಿಂಗಳ ಬಿಲ್ಲಿನ ಜೊತೆಗೆ ಸಣ್ಣ ಉದ್ದಿಮೆದಾರರ ಮೇಜಿಗೆ ಬರುತ್ತದೆ. ಬಹುಪಾಲು ಮಂದಿ ಅದನ್ನು ಪ್ರಶ್ನೆಯೆಂದು ಗುರುತಿಸದೆಯೇ ಸಹಿ ಹಾಕುತ್ತಾರೆ. ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ಭದ್ರಾವತಿಯ ಹಿಂದಿನ ತಲೆಮಾರಿಗೆ ಈ ಪ್ರಶ್ನೆ ಇರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಾಗಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಆಗಲಿ ತಮ್ಮ ಸುತ್ತಲೇ ವಸತಿ ಬಡಾವಣೆಗಳನ್ನು ಕಟ್ಟಿಕೊಂಡವು. ನ್ಯೂಟೌನ್, ಪೇಪರ್‌ಟೌನ್ ಎಂಬ ಹೆಸರುಗಳು ಹುಟ್ಟಿದ್ದು ಹಾಗೆ. ಕಾರ್ಖಾನೆಯ ಸೈರನ್ ಕೇಳುವಷ್ಟು ಹತ್ತಿರದಲ್ಲಿ ಮನೆಯಿದ್ದವನಿಗೆ ಸೈಕಲ್ಲೇ ಸಾಕಾಗಿತ್ತು. ಆ ಕಾಲ ಮುಗಿಯಿತು. ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗದ ಕೆಲಸ ಮತ್ತೆ ಆರಂಭವಾಯಿತು. ಆ ತಿಂಗಳುಗಳಲ್ಲಿ ಗುತ್ತಿಗೆ ಕಾರ್ಮಿಕರು ನಡೆಸಿದ ದೀರ್ಘ ಧರಣಿ ಜಿಲ್ಲೆಯ ಜನರ ನೆನಪಿನಲ್ಲಿದೆ. ಮನೆ ಭದ್ರಾವತಿಯಲ್ಲಿ, ಕೆಲಸ ಮಾಚೇನಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ಎಂಬ ಬದುಕು ಈಗ ಸಾಮಾನ್ಯ. ವಸತಿಗೃಹದ ಬಾಡಿಗೆಯ ಜಾಗದಲ್ಲಿ ಬಸ್ಸಿನ ಖರ್ಚು ಬಂದು ಕುಳಿತಿದೆ.

ಛತ್ರಿಯ ಕೆಳಗಿನ ನೌಕರ

ಇಂತಹ ಮಧ್ಯವರ್ತಿ ಸಂಸ್ಥೆಗಳಿಗೆ ಇಂಗ್ಲೆಂಡಿನಲ್ಲಿ ‘ಅಂಬ್ರೆಲಾ ಕಂಪನಿ’ ಎಂಬ ಹೆಸರಿದೆ. ಹಲವು ಕಡೆ ಅಲ್ಪಾವಧಿಯ ಕೆಲಸ ಮಾಡುವವರನ್ನು ಒಂದು ಸಂಸ್ಥೆ ತನ್ನ ನೌಕರರೆಂದು ದಾಖಲಿಸಿಕೊಂಡು, ಅವರ ತೆರಿಗೆ, ವೇತನ ಪತ್ರಗಳನ್ನು ನಿಭಾಯಿಸುವ ವ್ಯವಸ್ಥೆ ಅದು. ಪ್ರತಿ ಕೆಲಸದ ಜಾಗವೂ ‘ತಾತ್ಕಾಲಿಕ’ ಎಂಬ ಆಧಾರದ ಮೇಲೆ ಮನೆಯಿಂದ ಅಲ್ಲಿಗೆ ಹೋಗಿಬರುವ ಖರ್ಚಿಗೂ ಆದಾಯ ತೆರಿಗೆಯ ರಿಯಾಯಿತಿ ಪಡೆಯುವುದು ಅಲ್ಲಿ ವಾಡಿಕೆಯಾಗಿತ್ತು. 2016ರ ಏಪ್ರಿಲ್ 6ರಿಂದ ಅಲ್ಲಿನ ಸರ್ಕಾರ ಇದಕ್ಕೆ ತಡೆ ಹಾಕಿತು. ಕೆಲಸಗಾರನು ಇನ್ನೊಬ್ಬರ ಮೇಲ್ವಿಚಾರಣೆ, ನಿರ್ದೇಶನ ಅಥವಾ ನಿಯಂತ್ರಣಕ್ಕೆ ಒಳಪಟ್ಟು ದುಡಿಯುವವನಾದರೆ ಮನೆಯಿಂದ ಕೆಲಸದ ಜಾಗಕ್ಕೆ ಹೋಗುವುದು ಸಾಮಾನ್ಯ ಓಡಾಟವೇ ಹೊರತು ಕೆಲಸದ ಪ್ರಯಾಣವಲ್ಲ ಎಂದಾಯಿತು.

ನಮ್ಮ ದೇಶದಲ್ಲಿ ಛತ್ರಿ ಒಂದೇ ಆದರೂ ಅದರ ಕೆಳಗೆ ನಿಂತವನ ಸ್ಥಿತಿ ಬೇರೆ. ಭದ್ರಾವತಿ ರಸ್ತೆಯ ಯಂತ್ರಾಗಾರದಲ್ಲಿ ಗುತ್ತಿಗೆಯ ಮೇಲೆ ದುಡಿಯುವವನಿಗೆ ಆದಾಯ ತೆರಿಗೆಯ ಗೊಡವೆಯೇ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೆಯ ಸಾಲಿನಿಂದ 12 ಲಕ್ಷ ರೂಪಾಯಿಯವರೆಗಿನ ತೆರಿಗೆಯೋಗ್ಯ ಆದಾಯಕ್ಕೆ, ವಿಶೇಷ ದರದ ಆದಾಯಗಳ ಹೊರತು, ತೆರಿಗೆ ಬೀಳುವುದಿಲ್ಲ. ಸಂಬಳದಾರರಿಗೆ ಅದಕ್ಕೂ ಮುನ್ನ 75,000 ರೂಪಾಯಿಯ ಪ್ರಮಾಣಿತ ಕಡಿತವಿದೆ. ಹಿಂದೆ ತಿಂಗಳಿಗೆ 1,600 ರೂಪಾಯಿಯಂತೆ ಸಿಗುತ್ತಿದ್ದ ಸಾರಿಗೆ ಭತ್ಯೆಯ ವಿನಾಯಿತಿ 2018ರ ಮುಂಗಡಪತ್ರದಲ್ಲಿ ರದ್ದಾಗಿ, ಆಗ 40,000 ರೂಪಾಯಿಯಿದ್ದ ಈ ಪ್ರಮಾಣಿತ ಕಡಿತದೊಳಗೇ ಸೇರಿಹೋಯಿತು. ಆದ್ದರಿಂದ ಇಲ್ಲಿ ಪ್ರಯಾಣ ವೆಚ್ಚದ ‘ಕ್ಲೇಮು’ ಎಂದರೆ ತೆರಿಗೆ ಇಲಾಖೆಯ ಎದುರು ಮಂಡಿಸುವ ಬೇಡಿಕೆಯಲ್ಲ; ಗುತ್ತಿಗೆದಾರನ ಎದುರು, ಅವನ ಮೂಲಕ ಕಾರ್ಖಾನೆಯ ಮಾಲೀಕನ ಎದುರು ಮಂಡಿಸುವ ಬೇಡಿಕೆ. ಅದರ ಕಾನೂನು ಆದಾಯ ತೆರಿಗೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಕಾರ್ಮಿಕ ಕಾಯಿದೆಗಳಲ್ಲಿ ಮತ್ತು ಸರಕು ಹಾಗೂ ಸೇವಾ ತೆರಿಗೆಯಲ್ಲಿದೆ.

ಎರಡು ಬಗೆಯ ಪ್ರಯಾಣ

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಉದಾಹರಣೆಗೆ, ಭದ್ರಾವತಿಯ ಹುತ್ತಾ ಕಾಲೊನಿಯಲ್ಲಿ ಮನೆಯಿರುವ ಒಬ್ಬ ಯಂತ್ರಚಾಲಕನನ್ನು ಗುತ್ತಿಗೆದಾರನೊಬ್ಬ ಮಾಚೇನಹಳ್ಳಿಯ ಘಟಕಕ್ಕೆ ನಿಯೋಜಿಸಿದ್ದಾನೆ ಎನ್ನೋಣ. ಹುತ್ತಾ ಕಾಲೊನಿಯಿಂದ ಮಾಚೇನಹಳ್ಳಿಗೆ ಅವನು ಪ್ರತಿದಿನ ಬರುವುದು ಮೊದಲ ಬಗೆಯ ಪ್ರಯಾಣ. ಮಾಚೇನಹಳ್ಳಿಯಿಂದ ಅವನನ್ನು ವಾರಕ್ಕೆ ಎರಡು ಬಾರಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಬಿಡಿಭಾಗಗಳ ತಪಾಸಣೆಗೆಂದು ಕಳುಹಿಸಿದರೆ ಅದು ಎರಡನೆಯ ಬಗೆಯದು. ಮೊದಲನೆಯದು ಕೆಲಸಕ್ಕೆ ಬರುವ ಪ್ರಯಾಣ, ಎರಡನೆಯದು ಕೆಲಸದ ಪ್ರಯಾಣ.

ಎರಡನೆಯದರ ಬಗ್ಗೆ ವಾದಕ್ಕೆ ಎಡೆಯಿಲ್ಲ. ಮಾಲೀಕನ ಕೆಲಸಕ್ಕಾಗಿ ನೌಕರ ತನ್ನ ಜೇಬಿನಿಂದ ಮಾಡಿದ ಖರ್ಚನ್ನು ತುಂಬಿಕೊಟ್ಟರೆ ಅದು ಆದಾಯವಲ್ಲ. ಕರ್ತವ್ಯ ನಿರ್ವಹಣೆಗಾಗಿ ಕೊಡುವ ಭತ್ಯೆ ನಿಜವಾಗಿ ಖರ್ಚಾದ ಮಟ್ಟಿಗೆ ತೆರಿಗೆಯಿಂದ ಹೊರಗಿರುತ್ತದೆ ಎಂಬುದು 1961ರ ಆದಾಯ ತೆರಿಗೆ ಕಾಯಿದೆಯ 10(14)ನೆಯ ಪ್ರಕರಣದಿಂದಲೂ ನಡೆದುಬಂದ ತತ್ತ್ವ. ‘ನಿಜವಾಗಿ ಖರ್ಚಾದ ಮಟ್ಟಿಗೆ’ ಎಂಬುದೇ ಇಲ್ಲಿನ ಮುಖ್ಯ ಮಾತು. ತಪಾಸಣೆಗೆ ಹೋದ ದಿನಾಂಕ, ಹೋದ ಜಾಗ, ಕೆಲಸದ ಕಾರಣ, ಖರ್ಚಾದ ಮೊತ್ತ ಇವಿಷ್ಟೂ ಇರುವ ಒಂದು ಚೀಟಿಯಿಲ್ಲದಿದ್ದರೆ ಅದೇ ಹಣ ಲೆಕ್ಕ ಪರಿಶೋಧಕರ ಕಣ್ಣಿಗೆ ವೇತನವಾಗಿ ಕಾಣುತ್ತದೆ.

ಮೊದಲನೆಯ ಬಗೆಯ ಪ್ರಯಾಣಕ್ಕೆ, ಅಂದರೆ ಮನೆಯಿಂದ ಕಾರ್ಖಾನೆಗೆ ಬರುವುದಕ್ಕೆ, ಮಾಲೀಕನು ಹಣ ಕೊಡಲೇಬೇಕೆಂಬ ಸಾಮಾನ್ಯ ಕಾನೂನು ಇಲ್ಲ. ಒಪ್ಪಂದದಲ್ಲಿ ಬರೆದಿದ್ದರೆ, ನೇಮಕ ಪತ್ರದಲ್ಲಿ ಹೇಳಿದ್ದರೆ, ಹಿಂದಿನಿಂದ ನಡೆದುಬಂದ ರೂಢಿಯಾಗಿದ್ದರೆ ಕೊಡಬೇಕು. ಕೊಟ್ಟಾಗ ಅದು ಏನೆನಿಸುತ್ತದೆ ಎಂಬುದರಲ್ಲಿ ಮಾತ್ರ ಹಲವು ವರ್ಷಗಳಿಂದ ಗೊಂದಲವಿದೆ.

ಒಂದೇ ಹಣ, ಎರಡು ಕಾನೂನು

1948ರ ಕಾರ್ಮಿಕ ರಾಜ್ಯ ವಿಮಾ ಕಾಯಿದೆ ವೇತನದ ವ್ಯಾಖ್ಯೆಯಿಂದ ಪ್ರಯಾಣ ಭತ್ಯೆಯನ್ನೂ ಪ್ರಯಾಣ ರಿಯಾಯಿತಿಯ ಮೌಲ್ಯವನ್ನೂ ನೇರವಾಗಿಯೇ ಹೊರಗಿಟ್ಟಿತ್ತು. ಆದರೆ ಕಾರ್ಖಾನೆಗಳು ಪ್ರತಿ ತಿಂಗಳೂ ಕೊಡುತ್ತಿದ್ದ ‘ಕನ್ವೇಯನ್ಸ್ ಭತ್ಯೆ’ಯೂ ಪ್ರಯಾಣ ಭತ್ಯೆಯೂ ಒಂದೇ ಹೌದೋ ಅಲ್ಲವೋ ಎಂಬ ವಿವಾದ ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. ಟೆಕ್ಸ್‌ಮೊ ಇಂಡಸ್ಟ್ರೀಸ್ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡೂ ಒಂದೇ ಎಂದು ತೀರ್ಮಾನಿಸಿತು. ಇ.ಎಸ್.ಐ. ವಂತಿಗೆಯ ಲೆಕ್ಕಕ್ಕೆ ಕನ್ವೇಯನ್ಸ್ ಭತ್ಯೆ ಸೇರಬೇಕಿಲ್ಲ ಎಂದಾಯಿತು.

ಭವಿಷ್ಯ ನಿಧಿಯ ಕಡೆಯಿಂದ ಬಂದ ತೀರ್ಪು ಇದಕ್ಕೆ ಎದುರುಮುಖವಾದುದು. 1952ರ ಭವಿಷ್ಯ ನಿಧಿ ಕಾಯಿದೆ ‘ಮೂಲ ವೇತನ’ದಿಂದ ಹೊರಗಿಡುವ ಪಟ್ಟಿಯಲ್ಲಿ ಪ್ರಯಾಣ ಭತ್ಯೆಯ ಹೆಸರೇ ಇರಲಿಲ್ಲ. ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ 2019ರ ಫೆಬ್ರವರಿ 28ರಂದು ಸರ್ವೋಚ್ಚ ನ್ಯಾಯಾಲಯ, ಎಲ್ಲ ನೌಕರರಿಗೂ ಸಾಮಾನ್ಯವಾಗಿ, ತಪ್ಪದೆ ಕೊಡುವ ಭತ್ಯೆಯು ಹೆಸರು ಏನೇ ಇದ್ದರೂ ಮೂಲ ವೇತನದ ಭಾಗವೇ ಎಂದಿತು. ಹೀಗಾಗಿ ಎಲ್ಲರಿಗೂ ಒಂದೇ ಮೊತ್ತದಂತೆ ಕೊಡುವ 1,500 ರೂಪಾಯಿ ಇ.ಎಸ್.ಐ.ಗೆ ವೇತನವಲ್ಲ, ಭವಿಷ್ಯ ನಿಧಿಗೆ ವೇತನ. ಒಂದೇ ವೇತನ ಪಟ್ಟಿಯ ಒಂದೇ ಅಂಕಣವನ್ನು ಇಬ್ಬರು ತನಿಖಾಧಿಕಾರಿಗಳು ಎರಡು ರೀತಿ ಓದುವ ಪರಿಸ್ಥಿತಿ. ದೊಡ್ಡ ಸಂಸ್ಥೆಗಳು ಇದಕ್ಕೆ ಸಲಹೆಗಾರರನ್ನು ಇಟ್ಟುಕೊಂಡವು. ಹತ್ತಿಪ್ಪತ್ತು ಜನರ ಘಟಕ ನಡೆಸುವವರು ಗುತ್ತಿಗೆದಾರ ತಂದುಕೊಟ್ಟ ಪಟ್ಟಿಯನ್ನು ನಂಬಿದರು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ವೇತನದ ವ್ಯಾಖ್ಯೆ ಏಕರೂಪದ್ದು. ಕನ್ವೇಯನ್ಸ್ ಭತ್ಯೆ ಮತ್ತು ಪ್ರಯಾಣ ರಿಯಾಯಿತಿಯ ಮೌಲ್ಯ ಒಂದು ಬಾಬು. ಕೆಲಸದ ಸ್ವರೂಪದಿಂದಾಗಿ ನೌಕರನಿಗೆ ತಗಲುವ ವಿಶೇಷ ವೆಚ್ಚವನ್ನು ಭರಿಸಲು ಕೊಟ್ಟ ಹಣ ಇನ್ನೊಂದು ಬಾಬು. ಎರಡನ್ನೂ ವೇತನದಿಂದ ಹೊರಗಿಡಲಾಗಿದೆ. ಮೇಲೆ ಹೇಳಿದ ಎರಡು ಬಗೆಯ ಪ್ರಯಾಣಗಳ ವ್ಯತ್ಯಾಸವನ್ನು ಶಾಸನವೇ ಎರಡು ಖಂಡಗಳಲ್ಲಿ ಬರೆದಿಟ್ಟಂತಾಗಿದೆ. ಆದರೆ ಇದಕ್ಕೊಂದು ಮಿತಿಯಿದೆ. ಹೊರಗಿಟ್ಟ ಬಾಬುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಹಣ ಮತ್ತೆ ವೇತನಕ್ಕೆ ಸೇರುತ್ತದೆ.

ಲೆಕ್ಕ ಹೀಗೆ ನಡೆಯುತ್ತದೆ. ಒಬ್ಬ ಮೇಲ್ವಿಚಾರಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ 18,000, ಮನೆ ಬಾಡಿಗೆ ಭತ್ಯೆ 12,000, ಕನ್ವೇಯನ್ಸ್ 10,000, ಒಟ್ಟು 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊರಗಿಟ್ಟ ಎರಡು ಬಾಬುಗಳ ಮೊತ್ತ 22,000. ಅರ್ಧದ ಮಿತಿ 20,000. ಮೀರಿದ 2,000 ವೇತನಕ್ಕೆ ಸೇರಿ, ಸಂಹಿತೆಯ ಪ್ರಕಾರ ಅವನ ವೇತನ 20,000 ಆಗುತ್ತದೆ. ವಂತಿಗೆ, ಉಪದಾನದ ಲೆಕ್ಕಗಳಿಗೆ ಆಧಾರ ಇದೇ. ಭತ್ಯೆಯ ಹೆಸರಿನಲ್ಲಿ ವೇತನವನ್ನು ಚಿಕ್ಕದಾಗಿ ತೋರಿಸುವ ಹಳೆಯ ಉಪಾಯಕ್ಕೆ ಅರ್ಧದಲ್ಲಿ ಬೇಲಿ ಬಿದ್ದಿದೆ.

ಇನ್ನೊಂದು ಅಂಶ ಹಲವರ ಗಮನಕ್ಕೆ ಬಂದಿಲ್ಲ. ವೇತನವನ್ನು ಸಕಾಲಕ್ಕೆ ಪಾವತಿ ಮಾಡುವ ಹೊಣೆಯ ಮಟ್ಟಿಗೆ ಕನ್ವೇಯನ್ಸ್ ಭತ್ಯೆಯನ್ನು ವೇತನದ ಭಾಗವೆಂದೇ ಎಣಿಸಬೇಕು. ಮಾಸಿಕ ವೇತನ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕಾದರೆ ಈ ಭತ್ಯೆಯೂ ಅದರ ಜೊತೆಗೇ ಸಲ್ಲಬೇಕು. ‘ಬಸ್ಸಿನ ದುಡ್ಡು ಆಮೇಲೆ ನೋಡೋಣ’ ಎನ್ನುವಂತಿಲ್ಲ.

ಗುತ್ತಿಗೆದಾರನ ಬಿಲ್ಲಿನಲ್ಲಿ ಅಡಗಿರುವುದು

ಸಣ್ಣ ಉದ್ದಿಮೆದಾರರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಗುತ್ತಿಗೆ ಪಡೆಯುವ ಪೈಪೋಟಿಯಲ್ಲಿ ಗುತ್ತಿಗೆದಾರ ತಲೆಗೆ ಇಷ್ಟು ಎಂದು ಒಂದೇ ದರ ಹೇಳುತ್ತಾನೆ. ಕಡಿಮೆ ದರ ಹೇಳಿದವನಿಗೆ ಕೆಲಸ. ಆ ದರದೊಳಗೆ ಕನಿಷ್ಠ ವೇತನ, ವಂತಿಗೆಗಳು, ಅವನ ಲಾಭ ಎಲ್ಲವೂ ಹಿಡಿಯಬೇಕು. ಹಿಡಿಯದಿದ್ದಾಗ ವೇತನದ ಒಂದು ಭಾಗಕ್ಕೆ ‘ಪ್ರಯಾಣ’ ಎಂಬ ಹೆಸರು ಬೀಳುತ್ತದೆ. ಭದ್ರಾವತಿಯವನಿಗೂ, ಮಾಚೇನಹಳ್ಳಿಯಲ್ಲೇ ಕೋಣೆ ಹಿಡಿದು ನಡೆದೇ ಬರುವವನಿಗೂ ಒಂದೇ ಮೊತ್ತದ ಪ್ರಯಾಣ ಭತ್ಯೆ ತೋರಿಸಿದ್ದರೆ ಅದು ಪ್ರಯಾಣಕ್ಕೆ ಕೊಟ್ಟ ಹಣವಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ. ಕನಿಷ್ಠ ವೇತನವನ್ನು ಪ್ರಯಾಣ ಭತ್ಯೆಯಿಂದ ಭರ್ತಿ ಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ.

ಕೊರತೆ ಬಿದ್ದರೆ ತುಂಬಿಕೊಡಬೇಕಾದವರು ಯಾರು? 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ 21(4)ನೆಯ ಪ್ರಕರಣ, ಗುತ್ತಿಗೆದಾರ ವೇತನ ಕೊಡದಿದ್ದರೆ ಪ್ರಧಾನ ಮಾಲೀಕನೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು ಎಂದು ಹೇಳಿತ್ತು. ಹೊಸ ಸಂಹಿತೆಯಲ್ಲೂ ಆ ಹೊಣೆ ಮುಂದುವರಿದಿದೆ. ಸಂಹಿತೆಯ ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗಲು ಬೇಕಾದ ಸಂಖ್ಯೆ 20ರಿಂದ 50ಕ್ಕೆ ಏರಿರುವುದರಿಂದ ತಾವು ಪಾರಾದೆವೆಂದು ಭಾವಿಸಿರುವ ಘಟಕಗಳಿವೆ. ಆ ಭಾವನೆ ತಪ್ಪು. ವೇತನ ಸಂಹಿತೆಯು ಸಂಖ್ಯೆಯ ಲೆಕ್ಕವಿಲ್ಲದೆ, ನೇಮಿಸಿಕೊಂಡವನು ವೇತನ ಕೊಡಲು ವಿಫಲನಾದರೆ ನೌಕರನು ದುಡಿಯುವ ಸ್ಥಾಪನೆಯ ಒಡೆಯನಾದ ಕಂಪನಿ, ಪಾಲುದಾರಿಕೆ ಸಂಸ್ಥೆ ಅಥವಾ ವ್ಯಕ್ತಿಯೇ ಹೊಣೆ ಎನ್ನುತ್ತದೆ. ವಂತಿಗೆಗಳ ವಿಚಾರದಲ್ಲೂ ಗುತ್ತಿಗೆದಾರ ಕಟ್ಟದಿದ್ದರೆ ನೋಟಿಸು ಬರುವುದು ಕಾರ್ಖಾನೆಯ ವಿಳಾಸಕ್ಕೇ. ಎರಡು ಮೂರು ವರ್ಷಗಳ ಬಳಿಕ ಬರುವ ಆ ನೋಟಿಸಿನ ಹೊತ್ತಿಗೆ ಗುತ್ತಿಗೆದಾರ ಊರಲ್ಲಿ ಇರದೆಯೂ ಇರಬಹುದು.

ಜಿ.ಎಸ್.ಟಿ. ಇನ್ನೊಂದು ಬದಿ. ಮಾನವಶಕ್ತಿ ಪೂರೈಕೆಗೆ ಶೇಕಡಾ 18 ತೆರಿಗೆ. ಸೇವೆ ಒದಗಿಸುವವನು ಗ್ರಾಹಕನಿಂದ ವಸೂಲು ಮಾಡುವ ಪ್ರಾಸಂಗಿಕ ವೆಚ್ಚಗಳೂ ಸೇವೆಯ ಮೌಲ್ಯಕ್ಕೆ ಸೇರುತ್ತವೆ ಎಂದು ಕಾಯಿದೆಯ 15ನೆಯ ಪ್ರಕರಣ ಹೇಳುತ್ತದೆ. ಗುತ್ತಿಗೆದಾರ ತನ್ನ ನೌಕರರಿಗೆ ಕೊಟ್ಟ 20,000 ರೂಪಾಯಿ ಪ್ರಯಾಣ ವೆಚ್ಚವನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ತೋರಿಸಿದರೂ ಅದರ ಮೇಲೆ 3,600 ರೂಪಾಯಿ ತೆರಿಗೆ ಬೀಳುತ್ತದೆ. ಸೇವಾ ತೆರಿಗೆಯ ಕಾಲದ ಒಂದು ವಿವಾದದಲ್ಲಿ, 2018ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ಮರುಭರಿಕೆಯ ವೆಚ್ಚ ಸೇವೆಯ ಮೌಲ್ಯಕ್ಕೆ ಸೇರದು ಎಂದದ್ದನ್ನು ಕೆಲವರು ಈಗಲೂ ಉಲ್ಲೇಖಿಸುತ್ತಾರೆ. ಅದು 2015ರ ಮೇ ತಿಂಗಳ ತಿದ್ದುಪಡಿಗೆ ಮುಂಚಿನ ಅವಧಿಗೆ ಸಂಬಂಧಿಸಿದ್ದು, ಜಿ.ಎಸ್.ಟಿ.ಗೆ ಅನ್ವಯಿಸದು. ‘ಶುದ್ಧ ಪ್ರತಿನಿಧಿ’ಯಾಗಿ ಮಾಡಿದ ಖರ್ಚನ್ನು ಹೊರಗಿಡುವ 33ನೆಯ ನಿಯಮವೊಂದಿದೆ. ಆದರೆ ತನ್ನದೇ ನೌಕರನಿಗೆ ಕೊಡುವ ಪ್ರಯಾಣ ವೆಚ್ಚ ಗುತ್ತಿಗೆದಾರನ ಸ್ವಂತ ವೆಚ್ಚವೆಂದೇ ಕಾಣುವುದರಿಂದ ಆ ನಿಯಮದ ಆಸರೆ ಸಿಗುವುದು ಕಷ್ಟ. ತೆರಿಗೆಗೊಳಪಡುವ ಸರಕು ತಯಾರಿಸುವವರಿಗೆ ಈ 3,600 ಹೂಡುವಳಿ ತೆರಿಗೆಯ ಜಮೆಯಾಗಿ ಹಿಂದಿರುಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ತಯಾರಕರಿಗೆ ಅದು ಹೋದ ಹಣ.

ಕಾರ್ಖಾನೆಯೇ ವಾಹನ ಗೊತ್ತುಮಾಡಿದರೆ ಹೇಗೆ? ಪ್ರತಿಯೊಬ್ಬನ ಪ್ರಯಾಣದ ಬಿಲ್ಲು, ಚೀಟಿಗಳ ಗೊಡವೆ ತಪ್ಪುತ್ತದೆ. ಆದರೆ ವಾಹನದ ಗಾತ್ರವನ್ನು ನೋಡಿಕೊಳ್ಳಬೇಕು. ಚಾಲಕನೂ ಸೇರಿ 13 ಆಸನಗಳವರೆಗಿನ ವಾಹನದ ಬಾಡಿಗೆಯ ಮೇಲಿನ ತೆರಿಗೆಗೆ ಜಮೆ ಸಿಗುವುದಿಲ್ಲ; ಅದಕ್ಕಿಂತ ದೊಡ್ಡ ವಾಹನಕ್ಕೆ ಸಿಗುತ್ತದೆ. ಮಾಲೀಕನು ತನ್ನ ನೌಕರರಿಗೆ ವಾಹನ ಒದಗಿಸಲೇಬೇಕೆಂದು ಯಾವುದಾದರೂ ಕಾನೂನು ಕಡ್ಡಾಯ ಮಾಡಿದ್ದರೆ ಸಣ್ಣ ವಾಹನಕ್ಕೂ ಜಮೆ ಉಂಟು. ಕರ್ನಾಟಕದಲ್ಲಿ 2019ರ ನವೆಂಬರ್‌ನಲ್ಲಿ ಕಾರ್ಖಾನೆಗಳ ರಾತ್ರಿ ಪಾಳಿಯಲ್ಲಿ ಮಹಿಳೆಯರ ದುಡಿಮೆಗೆ ಅನುಮತಿ ಕೊಟ್ಟಾಗ ಸಾರಿಗೆಯ ಏರ್ಪಾಡು ಷರತ್ತುಗಳಲ್ಲಿ ಒಂದಾಗಿತ್ತು. ಆದರೆ ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ‘ನೌಕರ’ರೇ ಎಂಬ ಪ್ರಶ್ನೆಯನ್ನು ತೆರಿಗೆ ಅಧಿಕಾರಿ ಎತ್ತಬಹುದಾದ್ದರಿಂದ ಈ ಜಮೆಯನ್ನು ತೆಗೆದುಕೊಳ್ಳುವ ಮುನ್ನ ಲೆಕ್ಕ ಪರಿಶೋಧಕರನ್ನು ಕೇಳುವುದು ಲೇಸು.

ಚೀಟಿಯ ಮೇಲೆ ಯಾರ ಸಹಿ?

ಕೆಲಸದ ಪ್ರಯಾಣದ ಬಿಲ್ಲನ್ನು ಮಂಜೂರು ಮಾಡುವವರು ಯಾರು ಎಂಬುದು ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುತ್ತದೆ. ಆದರೆ ಭಾರತೀಯ ಉಕ್ಕು ಪ್ರಾಧಿಕಾರವೇ ಕಕ್ಷಿಯಾಗಿದ್ದ ಪ್ರಸಿದ್ಧ ಪ್ರಕರಣದಲ್ಲಿ 2001ರ ಆಗಸ್ಟ್ 30ರಂದು ಸರ್ವೋಚ್ಚ ನ್ಯಾಯಾಲಯ ಒಂದು ಮಾತು ಹೇಳಿದೆ. ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಪ್ರಧಾನ ಮಾಲೀಕನ ನೌಕರರಾಗುವುದಿಲ್ಲ. ಆದರೆ ಗುತ್ತಿಗೆಯೇ ಬರಿಯ ಮರೆಯೆಂದು ರುಜುವಾತಾದರೆ ಅವರು ಅವನ ನೌಕರರೇ. ಗುತ್ತಿಗೆ ಕಾರ್ಮಿಕನ ರಜೆ, ಮುಂಗಡ, ಪ್ರಯಾಣ ಬಿಲ್ಲು ಎಲ್ಲಕ್ಕೂ ಕಾರ್ಖಾನೆಯ ವ್ಯವಸ್ಥಾಪಕನೇ ಮಂಜೂರಾತಿ ಸಹಿ ಹಾಕುತ್ತ, ಗುತ್ತಿಗೆದಾರ ಹಣ ಹಂಚುವವನಾಗಿ ಮಾತ್ರ ಉಳಿದರೆ ಆ ಕಾಗದಗಳೇ ಮುಂದೆ ಸಾಕ್ಷ್ಯವಾಗುತ್ತವೆ. ಕಾರ್ಖಾನೆಯ ಮೇಲ್ವಿಚಾರಕ ‘ಈ ದಿನ ಈ ಕೆಲಸಕ್ಕೆ ಹೋಗಿದ್ದು ನಿಜ’ ಎಂದಷ್ಟೇ ದೃಢೀಕರಿಸಿ, ಮಂಜೂರು ಮಾಡಿ ಹಣ ಕೊಡುವುದನ್ನು ಗುತ್ತಿಗೆದಾರನಿಗೆ ಬಿಡುವುದು ಸರಿಯಾದ ಕ್ರಮ. ಗುತ್ತಿಗೆ ನಿಜವಾದುದೇ ಆಗಿದ್ದರೆ ಇದರಲ್ಲಿ ಕಷ್ಟವೇನೂ ಇಲ್ಲ.

ರುಜುವಾತಿನ ವಿಚಾರದಲ್ಲಿ ಈ ರಸ್ತೆಗೆ ತನ್ನದೇ ಆದ ತೊಡಕುಗಳಿವೆ. ರೈಲಿನಲ್ಲಿ ಬರುವವನ ಬಳಿ ಮಾಸಿಕ ಸೀಸನ್ ಟಿಕೆಟ್ಟಿರುತ್ತದೆ. ಅದಕ್ಕಿಂತ ಉತ್ತಮ ದಾಖಲೆ ಬೇರಿಲ್ಲ. ಸ್ವಂತ ದ್ವಿಚಕ್ರ ವಾಹನದವನ ಪೆಟ್ರೋಲ್ ರಸೀದಿಯಿಂದ ಅವನು ಕೆಲಸಕ್ಕೆ ಎಷ್ಟು ಓಡಿಸಿದ, ಮದುವೆಗೆ ಎಷ್ಟು ಓಡಿಸಿದ ಎಂಬುದು ತಿಳಿಯದು. ಕಿಲೋಮೀಟರಿಗೆ ಇಷ್ಟು ಎಂದು ಗುತ್ತಿಗೆ ಪತ್ರದಲ್ಲೇ ದರ ನಿಗದಿಮಾಡಿ, ಮಾಚೇನಹಳ್ಳಿಯಿಂದ ಶಿವಮೊಗ್ಗದ ಆಯಾ ಜಾಗಗಳಿಗೆ ಇರುವ ದೂರವನ್ನು ಒಂದು ಪಟ್ಟಿಯಾಗಿ ಲಗತ್ತಿಸಿದರೆ ತಿಂಗಳು ತಿಂಗಳ ಚೌಕಾಸಿ ನಿಲ್ಲುತ್ತದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಇನ್ನೊಂದು ಸನ್ನಿವೇಶವನ್ನು ತಂದಿತು. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ನಿಜವಾದ ಖರ್ಚನ್ನಷ್ಟೇ ತುಂಬಿಕೊಡುವ ಒಪ್ಪಂದವಿದ್ದರೆ ಆ ಟಿಕೆಟ್ಟಿನಲ್ಲಿ ಬಂದವಳಿಗೆ ತುಂಬಿಕೊಡಲು ಏನೂ ಇಲ್ಲ. ಅದೇ ದಾರಿಯಲ್ಲಿ ಖಾಸಗಿ ಬಸ್ಸು ಹತ್ತಿದವಳಿಗೆ ಪೂರ್ಣ ದರ ಕೊಡಬೇಕು. ಆದರೆ ಎಲ್ಲರಿಗೂ ನಿಗದಿತ ಕನ್ವೇಯನ್ಸ್ ಭತ್ಯೆಯಿರುವ ಕಡೆ ‘ಹೇಗೂ ಬಸ್ಸು ಉಚಿತ’ ಎಂದು ಮಹಿಳೆಯರಿಗೆ ಮಾತ್ರ ಅದನ್ನು ಕಡಿತಮಾಡುವುದು ಬೇರೆಯೇ ಮಾತು. ಸಮಾನ ವೇತನದ ಲೆಕ್ಕಕ್ಕೆ ಕನ್ವೇಯನ್ಸ್ ಭತ್ಯೆಯೂ ವೇತನದೊಳಗೇ ಬರುತ್ತದೆ ಎಂದು ವೇತನ ಸಂಹಿತೆ ಹೇಳುವುದರಿಂದ ಅಂತಹ ಕಡಿತ ಲಿಂಗ ತಾರತಮ್ಯವೆನಿಸುತ್ತದೆ. ಸರ್ಕಾರ ಮಹಿಳೆಗೆ ಕೊಟ್ಟ ಸೌಲಭ್ಯವನ್ನು ಗುತ್ತಿಗೆದಾರ ತನ್ನ ಲಾಭಕ್ಕೆ ಜಮೆ ಮಾಡಿಕೊಳ್ಳುವುದು ನ್ಯಾಯವೂ ಅಲ್ಲ.

ಹೊರರಾಜ್ಯಗಳಿಂದ ಬಂದು ಎರಕದ ಕಾರ್ಖಾನೆಗಳಲ್ಲಿ ದುಡಿಯುವವರ ಪ್ರಯಾಣದ ಹಕ್ಕು ಮಾತ್ರ ಶಾಸನದಲ್ಲೇ ಬರೆದದ್ದು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಡಿ ಅವರು ಊರಿನಿಂದ ಬರುವ ಮತ್ತು ಹಿಂದಿರುಗುವ ದರವನ್ನು ಗುತ್ತಿಗೆದಾರ ಕೊಡಬೇಕಿತ್ತು. ಹೊಸ ಸಂಹಿತೆ ಅದನ್ನು ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಇಡಿಗಂಟಿನ ದರವಾಗಿ ಉಳಿಸಿಕೊಂಡಿದೆ. ಗುತ್ತಿಗೆಯ ದರ ಗೊತ್ತುಮಾಡುವಾಗ ಈ ಬಾಬು ಯಾರ ಲೆಕ್ಕಕ್ಕೆ ಎಂದು ಬರೆದುಕೊಳ್ಳದಿದ್ದರೆ ಹಬ್ಬದ ಮುಂದೆ ಜಗಳ ಖಚಿತ.

ದಾರಿಯಲ್ಲಿ ಅಪಘಾತವಾದರೆ

ಪ್ರಯಾಣದ ಹಣಕ್ಕಿಂತ ದೊಡ್ಡ ಬೇಡಿಕೆ ಏಳುವುದು ಪ್ರಯಾಣದಲ್ಲಿ ಜೀವ ಹೋದಾಗ ಅಥವಾ ಕೈಕಾಲು ಮುರಿದಾಗ. ಕಾರ್ಖಾನೆಯ ಗೇಟಿನ ಹೊರಗೆ ಆದದ್ದು ಕಾರ್ಖಾನೆಗೆ ಸಂಬಂಧಿಸಿದ್ದಲ್ಲ ಎಂಬ ನಂಬಿಕೆ ಉದ್ದಿಮೆದಾರರಲ್ಲಿ ಗಟ್ಟಿಯಾಗಿದೆ. 2010ರ ಜೂನ್ 1ರಿಂದ ಇ.ಎಸ್.ಐ. ಕಾಯಿದೆಗೆ ಸೇರಿದ 51-ಇ ಪ್ರಕರಣವೇ ಆ ನಂಬಿಕೆಯನ್ನು ಅಲುಗಾಡಿಸಿತ್ತು. ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಕೆಲಸ ಮುಗಿಸಿ ಮನೆಗೆ ಮರಳುವಾಗ ಆದ ಅಪಘಾತವನ್ನು, ಅದರ ಸಂದರ್ಭ, ಸಮಯ, ಸ್ಥಳಗಳಿಗೂ ಉದ್ಯೋಗಕ್ಕೂ ನಂಟು ರುಜುವಾತಾದರೆ, ಕೆಲಸದಲ್ಲಿ ಆದ ಅಪಘಾತವೆಂದೇ ಭಾವಿಸಬೇಕೆಂದು ಅದು ಹೇಳುತ್ತದೆ. ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತತ್ತ್ವವನ್ನು ಒಪ್ಪಿದೆ.

2025ರ ಜುಲೈ 29ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲ್‌ನಲ್ಲಿ ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆಂದು ಮೋಟಾರು ಸೈಕಲ್ಲಿನಲ್ಲಿ ಹೊರಟಿದ್ದ. ಕಾರ್ಖಾನೆ ಇನ್ನು ಸುಮಾರು ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡ. ಅವನ ಕುಟುಂಬ ಕೇಳಿದ್ದು ಇ.ಎಸ್.ಐ. ಅಡಿಯಲ್ಲಲ್ಲ, 1923ರ ನೌಕರರ ಪರಿಹಾರ ಕಾಯಿದೆಯಡಿ. ಉಚ್ಚ ನ್ಯಾಯಾಲಯ ಪರಿಹಾರವನ್ನು ನಿರಾಕರಿಸಿತ್ತು. ಸರ್ವೋಚ್ಚ ನ್ಯಾಯಾಲಯ 51-ಇ ಪ್ರಕರಣವನ್ನು ಸ್ಪಷ್ಟೀಕರಣ ಸ್ವರೂಪದ್ದೆಂದೂ ಹಿಂದಿನ ಘಟನೆಗಳಿಗೂ ಅನ್ವಯಿಸುವುದೆಂದೂ ಹೇಳಿ, ಪರಿಹಾರ ಕಾಯಿದೆಯನ್ನೂ ಅದೇ ಅರ್ಥದಲ್ಲಿ ಓದಬೇಕೆಂದು ತೀರ್ಮಾನಿಸಿತು. ಘಟನೆ ನಡೆದು 22 ವರ್ಷಗಳ ಮೇಲೆ ಆ ಕುಟುಂಬಕ್ಕೆ ಪರಿಹಾರ ದೊರೆಯಿತು.

ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು 2017ರ ಜನವರಿಯಿಂದ ಇ.ಎಸ್.ಐ. ವ್ಯಾಪ್ತಿಯಲ್ಲಿದ್ದಾರೆ. ಮಾಲೀಕನ ವಂತಿಗೆ ಶೇಕಡಾ 3.25, ನೌಕರನದು 0.75. ಗುತ್ತಿಗೆದಾರ ಈ ವಂತಿಗೆಯನ್ನು ಕಟ್ಟಿದ್ದರೆ ದಾರಿಯ ಅಪಘಾತದ ಭಾರವನ್ನು ನಿಗಮ ಹೊರುತ್ತದೆ. ವ್ಯಾಪ್ತಿಯ ಆಚೆಗಿನವರಿಗೆ ಪರಿಹಾರ ಕಾನೂನಿನ ಹೊಣೆಯನ್ನು ಒಳಗೊಳ್ಳುವ ವಿಮಾ ಪಾಲಿಸಿ ಬೇಕು. ಆ ಪಾಲಿಸಿಯಲ್ಲಿ ಗುತ್ತಿಗೆ ಕಾರ್ಮಿಕರ ಹೆಸರು ಸೇರಿದೆಯೇ, ಮನೆಯಿಂದ ಬರುವ ಪ್ರಯಾಣವೂ ಒಳಗೊಂಡಿದೆಯೇ ಎಂಬುದನ್ನು ನವೀಕರಣದ ಸಮಯದಲ್ಲಿ ಓದಿ ನೋಡಬೇಕು. ಅಪಘಾತವಾದ ದಿನ ಕೇಳುವ ಕಾಗದಗಳು ಪ್ರಯಾಣ ಬಿಲ್ಲಿಗೆ ಬೇಕಾದವೇ: ಅವನ ಮನೆಯ ವಿಳಾಸ, ಅವನು ಬರುವ ದಾರಿ, ಆ ದಿನದ ಪಾಳಿಯ ಆರಂಭದ ಹೊತ್ತು, ಬೇರೆಡೆಗೆ ಕಳುಹಿಸಿದ್ದರೆ ಕಳುಹಿಸಿದವರ ಸಹಿಯಿರುವ ಚೀಟಿ. ಇವು ಗುತ್ತಿಗೆದಾರನ ಕಚೇರಿಯಲ್ಲಿ ಇರುವುದಲ್ಲದೆ ಒಂದು ಪ್ರತಿ ಕಾರ್ಖಾನೆಯ ಗೇಟಿನ ಕಚೇರಿಯಲ್ಲೂ ಇರತಕ್ಕದ್ದೆಂದು ಗುತ್ತಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಲು ಮುಂದಿನ ನವೀಕರಣದವರೆಗೆ ಕಾಯಬೇಕಾಗಿಲ್ಲ.